ಅತ್ತೆ ನಗದ ಪುಟ

ನಮ್ಮ ಮಾವನವರಿಗೆ ಈಜು ಬರುತ್ತಿರಲಿಲ್ಲ. ಹುಟ್ಟು ಹಾಕುವುದು ಗೊತ್ತಿರಲಿಲ್ಲ. ನೀರು ಮೊಣಕಾಲು ದಾಟಿದರೆ ಮನೆದೇವರನ್ನು ನೆನೆಯುತ್ತಿದ್ದರು. ಇಷ್ಟಾದರೂ ಇಡೀ ಚಿತ್ರದುರ್ಗ ಜಿಲ್ಲೆಯಲ್ಲಿ ದೋಣಿವಿಹಾರದ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಬಲ್ಲವರು ಅವರೊಬ್ಬರೇ! ಎರಡನೆಯವರು ಹುಟ್ಟುವುದಕ್ಕೆ ಜಿಲ್ಲೆಯಲ್ಲಿ ಮೊದಲು ನೀರಾದರೂ ಬೇಕಲ್ಲ?

ನಾವಿದ್ದದ್ದು ಹಿರಿಯೂರಿನಲ್ಲಿ. ಊರ ಪಕ್ಕದಲ್ಲೇ ವೇದಾವತಿ ಹರಿಯುತ್ತಾಳೆ ಎಂದು ಭೂಗೋಳದ ಪುಸ್ತಕ ಹೇಳುತ್ತದೆ. ಎಪ್ಪತ್ತರ ದಶಕದಲ್ಲಿ ನಾನು ಸೊಸೆಯಾಗಿ ಬಂದಾಗ ಅಲ್ಲಿ ಹರಿಯುತ್ತಿದ್ದದ್ದು ಮರಳು, ಅದೂ ಎತ್ತಿನ ಗಾಡಿಯಲ್ಲಿ. ನೀರು ನೋಡಬೇಕೆಂದರೆ ಮಾರಿಕಣಿವೆಗೆ ಹೋಗಬೇಕು. ಹಿರಿಯರು ಅಣೆಕಟ್ಟು ಕಟ್ಟಿ ಇದ್ದಬದ್ದ ನೀರನ್ನೆಲ್ಲ ಅಲ್ಲೇ ಕೂಡಿಹಾಕಿದ್ದರು. ನಾಲೆಗಳ ಓವರ್‌ಸಿಯರ್ ಆಗಿ ನಿವೃತ್ತರಾಗಿದ್ದ ಮಾವನವರು ಜೀವನವಿಡೀ ಬಿಟ್ಟ ನೀರಿಗಿಂತ ಬಿಡದ ನೀರಿಗಾಗಿ ರೈತರಿಗೆ ಹೇಳಿದ ಸಮಾಧಾನವೇ ಹೆಚ್ಚು.

ಹಾಗಾದರೆ ಈ ದೋಣಿಯ ಹುಚ್ಚು ಹತ್ತಿದ್ದು ಎಲ್ಲಿಂದ? ಒಂದು ಪುಸ್ತಕದಿಂದ. ಯಾವುದೋ ಹಳೆಯ ಬಂಗಲೆಯ ಕಪಾಟು ಖಾಲಿ ಮಾಡಿಸುವಾಗ ಒಲೆಗೆ ಹೋಗಲಿದ್ದ ರದ್ದಿಯಲ್ಲಿ ಅದು ಅವರ ಕೈಗೆ ಸಿಕ್ಕಿತ್ತಂತೆ. ಇಂಗ್ಲಿಷಿನದು. ಹೆಸರೇನು, ಬರೆದವರು ಯಾರು ಎಂದು ಕೇಳಬೇಡಿ. ಮುಂದಿನ ರಟ್ಟನ್ನೂ ಕೊನೆಯ ಅಧ್ಯಾಯಗಳನ್ನೂ ಗೆದ್ದಲು ನಮಗಿಂತ ಮೊದಲೇ ಓದಿ ಜೀರ್ಣಿಸಿಕೊಂಡಿತ್ತು. ಉಳಿದದ್ದರಲ್ಲಿ, ಮಾಡಲು ಬೇರೆ ಕೆಲಸವಿಲ್ಲದ ಕೆಲವು ದೊರೆಗಳು ಹಳೇ ಕಾಲದ ಮರದ ದೋಣಿಯಲ್ಲಿ ಕೂತು ಹೊಳೆಯ ಮೇಲೆ ಜಗಳವಾಡುತ್ತ ಹೋಗುತ್ತಾರೆ. ಚಿತ್ರಗಳೂ ಇದ್ದವು. ದೋಣಿಯಲ್ಲಿ ಮೆತ್ತೆ, ದೊರೆಯ ತಲೆಯ ಮೇಲೆ ಹುಲ್ಲಿನ ಟೊಪ್ಪಿಗೆ. ಅದನ್ನು ನೋಡಿ ಮಾವನವರು ಹೊಳಲ್ಕೆರೆ ಸಂತೆಯಿಂದ ಈಚಲು ಗರಿಯ ಟೊಪ್ಪಿಗೆಯೊಂದನ್ನು ತಂದರು. ಪುಸ್ತಕ ಓದುವಾಗ ಮಾತ್ರ ಹಾಕಿಕೊಳ್ಳುತ್ತಿದ್ದರು. ಬಿಸಿಲಿಗೆ ಹೊರಟರೆ ತೆಗೆದಿಟ್ಟು ಹೋಗುತ್ತಿದ್ದರು!

ನನ್ನನ್ನು ನೋಡಲು ಬಂದಾಗಲೂ ಆ ಪುಸ್ತಕ ಕೋಟಿನ ಜೇಬಿನಲ್ಲೇ ಇತ್ತು. ಬೇರೆ ಬೀಗರಾದರೆ ಹುಡುಗಿಗೆ ಹಾಡು ಬರುತ್ತಾ ಎಂದು ಕೇಳುತ್ತಾರೆ. ಇವರು ಟೊಪ್ಪಿಗೆ ಹಾಕಿಕೊಂಡು ಒಂದು ಪುಟ ಓದುತ್ತೇನೆ ಎಂದರು. ಒಬ್ಬ ದೊರೆ ಮುಂಜಾನೆಯಿಂದ ಬೆವರು ಸುರಿಸಿ ಹುಟ್ಟು ಹಾಕುತ್ತಾನೆ, ಎಷ್ಟು ಹಾಕಿದರೂ ದಡದ ಮರ ಹಿಂದೆ ಸರಿಯುವುದಿಲ್ಲ, ಕೊನೆಗೆ ನೋಡಿದರೆ ದೋಣಿ ಕಟ್ಟಿದ ಹಗ್ಗವನ್ನೇ ಬಿಚ್ಚಿಲ್ಲ. ಇದಿಷ್ಟೇ ಕಥೆ. ಆದರೆ ಮಾವನವರು ಹಗ್ಗದ ಹತ್ತಿರ ಬರುವ ಮೊದಲೇ ತಾವೇ ನಗಲು ಶುರುಮಾಡಿದರು, ಬಾಯಲ್ಲಿದ್ದ ಉಪ್ಪಿಟ್ಟು ನೆತ್ತಿಗೇರಿತು, ಟೊಪ್ಪಿಗೆ ಕಾಫಿ ಲೋಟದ ಮೇಲೆ ಬಿತ್ತು. ನಾನು ತಲೆ ತಗ್ಗಿಸಿ ಕೂತಿರಬೇಕಾದವಳು ಗೊಳ್ಳೆಂದು ನಕ್ಕುಬಿಟ್ಟೆ. ನಮ್ಮಮ್ಮನಿಗೆ ಸಂಬಂಧ ಕೈತಪ್ಪಿತೆಂಬ ಗಾಬರಿ. ಮಾವನವರು ಕಣ್ಣೊರೆಸಿಕೊಂಡು, ಹುಡುಗಿ ಪಾಸು ಎಂದರು. ಆ ಗಲಾಟೆಯಲ್ಲಿ ಹುಡುಗನನ್ನು ಸರಿಯಾಗಿ ನೋಡುವುದೇ ನನಗೆ ಮರೆತುಹೋಯಿತು. ಮದುವೆಯಾದ ಮೇಲೆ ಬೇಕಾದಷ್ಟು ನೋಡಿದೆ, ಬಿಡಿ.

ನಾನು ನಕ್ಕ ಮೇಲೆ ಮಾವನವರಿಗೆ ನನ್ನಲ್ಲಿ ಆಸಕ್ತಿ ಮುಗಿಯಿತು. ಒಂದು ಸಲ ಗೆದ್ದ ಕೋಟೆಗೆ ಮತ್ತೆ ಯಾರು ಮುತ್ತಿಗೆ ಹಾಕುತ್ತಾರೆ? ಅವರು ಮದುವೆಯಾದ ಹೊಸದರಿಂದ ಮುತ್ತಿಗೆ ಹಾಕಿ ಕೂತಿದ್ದು, ಒಂದು ಕಲ್ಲನ್ನೂ ಅಲ್ಲಾಡಿಸಲು ಆಗದೆ ಸೋತಿದ್ದು, ನಮ್ಮ ಅತ್ತೆಯ ಮುಂದೆ.

ಅತ್ತೆ ನಗುತ್ತಿರಲಿಲ್ಲ. ಸಿಡುಕಿಯೇನಲ್ಲ, ಬೇರೆ ಎಲ್ಲದಕ್ಕೂ ನಗುತ್ತಿದ್ದರು. ನೆರೆಮನೆಯ ಮೇಕೆ ನಮ್ಮ ಸೀರೆ ತಿಂದರೂ ನಕ್ಕವರು ಅವರು. ಈ ಪುಸ್ತಕಕ್ಕೆ ಮಾತ್ರ ಇಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸಲು ಕೂರುವರು. ಮಾವನವರು ಎದುರಿಗೆ ಮಣೆ ಹಾಕಿಕೊಂಡು, ಟೊಪ್ಪಿಗೆ ಸರಿಮಾಡಿಕೊಂಡು ಪುಟ ತೆಗೆಯುವರು. ಇಂಗ್ಲಿಷನ್ನು ಅಲ್ಲಲ್ಲೇ ಕನ್ನಡ ಮಾಡಿ ಓದುತ್ತಿದ್ದರು. ಅವರ ಬಾಯಲ್ಲಿ ಲಂಡನ್ನಿನ ದೊರೆಗಳೆಲ್ಲ "ಲೇ, ಹುಟ್ಟು ಹಿಡ್ಕಳಲೇ" ಎಂದು ನಮ್ಮ ಕಡೆಯವರೇ ಆಗಿಬಿಡುತ್ತಿದ್ದರು. ಒಂದು ದಿನ ದೊರೆಗೆ ಮೂಗಿನಿಂದ ಮಾತಾಡಿಸುವರು, ಇನ್ನೊಂದು ದಿನ ತಾವೇ ಎದ್ದು ಒನಕೆ ಹಿಡಿದು ಹುಟ್ಟು ಹಾಕಿ ತೋರಿಸುವರು. ಅತ್ತೆ ಒಂದು ಕಲ್ಲು ಆರಿಸಿ ಎಸೆದು, ಮುಗೀತಾ, ಏಳ್ರಿ ಉಣ್ಣಾಣ, ಎನ್ನುವರು.

ಮನೆಗೆ ಬಂದುಹೋಗುವವರ ಮೇಲೂ ಪ್ರಯೋಗ ನಡೆಯುತ್ತಿತ್ತು. ಹಿರೇಗುಂಟನೂರಿನಿಂದ ಮಾವನವರ ದೂರದ ನೆಂಟರೊಬ್ಬರು ಬಂದಿದ್ದರು, ಕುರಿ ಕಾಯುವವರು. ಹಗ್ಗದ ಪುಟವನ್ನು ಅವರು ಕಣ್ಣು ಮಿಟುಕಿಸದೆ ಕೇಳಿದರು. ಕೇಳಿ ಮುಗಿದ ಮೇಲೆ ಬಹಳ ಹೊತ್ತು ಯೋಚಿಸಿ, ಅಷ್ಟೊತ್ತು ಎಳೆದರೂ ಕಿತ್ತುಬರಲಿಲ್ಲವೆಂದರೆ ಗಟ್ಟಿ ಹಗ್ಗವೇ ಇರಬೇಕು, ಕತ್ತಾಳೆ ನಾರಿನದಾ ಎಂದು ವಿಚಾರಿಸಿದರು. ಮಾವನವರು ಆ ದಿನ ಊಟ ಮಾಡಲಿಲ್ಲ.

ಒಂದು ಸಂಜೆ ಅವರ ತಾಳ್ಮೆ ಕೆಟ್ಟಿತು. ಅಂದು ಅವರು ಓದಿದ್ದನ್ನು ಅಡುಗೆಮನೆಯಿಂದ ಕೇಳಿ ನಾನೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅತ್ತೆ ಮಾತ್ರ ಅಕ್ಕಿಯಲ್ಲಿ ಈ ಸಲ ಕಲ್ಲು ಜಾಸ್ತಿ ಎಂದರು. ಮಾವನವರು ಪುಸ್ತಕ ಮಡಚಿದರು. ಅವರ ಮುಖ ಇಷ್ಟೇ ಇಷ್ಟಾಗಿತ್ತು.

"ನಿಂಗೆ ಯಾಕೆ ನಗು ಬರಲ್ಲ ಅಂತ ಹೇಳಿಬಿಡು ಇವತ್ತು," ಎಂದರು.

"ದೋಣೀನೇ ಕಾಣದೋರಿಗೆ ದೋಣಿ ಕಥೆ ಹೇಳಿದ್ರೆ ಎಲ್ಲಿಂದ ನಗು ಬರ್ತೈತ್ರಿ?" ಎಂದರು ಅತ್ತೆ. ಸುಮ್ಮನೆ ಬಾಯಿಗೆ ಬಂದ ಮಾತು.

ಆದರೆ ಮಾವನವರು ಅದನ್ನೇ ಹಿಡಿದುಕೊಂಡರು. ದೋಣಿ ಮಾಡಿಸುತ್ತೇನೆ, ಮಾರಿಕಣಿವೆ ಹಿನ್ನೀರಿನ ಮೇಲೆ ನಿನ್ನನ್ನು ಕೂರಿಸಿ ಹಗ್ಗದ ಪುಟ ಓದುತ್ತೇನೆ ಎಂದರು. ಆಮೇಲೆ ಗೋಡೆಯ ಕಡೆ ನೋಡುತ್ತ, "ಅಲ್ಲೂ ನೀನು ನಗ್ಲಿಲ್ಲ ಅಂದ್ರೆ, ಇನ್ನು ನಿನ್ನ ಮುಂದೆ ಈ ಪುಸ್ತಕ ತೆಗೆಯಲ್ಲ. ಮುಗೀತು," ಎಂದರು. ಅತ್ತೆಯ ಕೈ ಮೊರದಲ್ಲಿ ಒಂದು ಗಳಿಗೆ ನಿಂತಿತು. ಪೀಡೆ ತೊಲಗುವ ದಿನ ಬಂತೆಂದು ಅವರಿಗೆ ಖುಷಿಯಾಗಿರಬೇಕು ಎಂದುಕೊಂಡೆ ನಾನು.

ಯಲ್ಲದಕೆರೆಯಲ್ಲಿ ಒಬ್ಬರು ಬಡಗಿ ಇದ್ದರು, ಕೆಲಸಕ್ಕೆ ಹೆಸರಾದವರು. ಮಾವನವರು ಹೋಗಿ, ಒಳ್ಳೆ ಮರದ್ದು ಒಂದು ದೋಣಿ ಬೇಕು, ಉದ್ದಕ್ಕಿರಬೇಕು, ಮುಖ್ಯವಾಗಿ ಒಂದು ತೊಟ್ಟೂ ಸೋರಬಾರದು, ಜೊತೆಗೆ ಎರಡು ಹುಟ್ಟು ಇರಲಿ ಎಂದು ಹೇಳಿಬಂದರು. ಆಚಾರರು ಎಲ್ಲದಕ್ಕೂ ತಲೆಯಾಡಿಸಿದರಂತೆ. ಚಿತ್ರ ತೋರಿಸಬೇಕಿತ್ತಾ ಎಂದು ನಾನು ಕೇಳಿದ್ದಕ್ಕೆ, ದೋಣಿ ಅಂದರೆ ಯಾರಿಗೆ ಗೊತ್ತಿಲ್ಲಮ್ಮ, ಎಂದರು ಮಾವನವರು.

ನಿಜ, ಎಲ್ಲರಿಗೂ ಗೊತ್ತು. ನಮ್ಮ ಕಡೆ ಬಾವಿಯ ಪಕ್ಕದಲ್ಲಿ ದನ ಕುರಿ ನೀರು ಕುಡಿಯಲು ಕಲ್ಲಿನದೋ ಮರದ್ದೋ ಉದ್ದನೆಯ ತೊಟ್ಟಿ ಇಟ್ಟಿರುತ್ತಾರಲ್ಲ, ಅದಕ್ಕೆ ದೋಣಿ ಎಂದೇ ಹೆಸರು. ಹೊಳೆ ದಾಟುವುದಕ್ಕೆ ಹರಿಗೋಲೋ ತೆಪ್ಪವೋ ಸಾಕು, ಮತ್ತೆ ದೋಣಿ ಯಾಕೆ? ಗಾಡಿಯ ಮೇಲೆ ಮನೆಯ ಮುಂದೆ ಬಂದಿಳಿದದ್ದು ಒಂದು ಹಿಂಡು ಕುರಿ ಸಾಲಾಗಿ ನಿಂತು ಕುಡಿಯುವಂಥ ಭರ್ಜರಿ ದೋಣಿ! ಹುಟ್ಟು ಎಂದರೂ ನಮ್ಮವರಿಗೆ ಮರದ ಸೌಟೇ. ಮದುವೆಮನೆಯಲ್ಲಿ ಹಂಡೆಯ ಸಾರು ತಿರುವುವ ಅಳತೆಯ ಎರಡು ಸೌಟುಗಳು ಅದರೊಳಗೆ ಮಲಗಿದ್ದವು.

ಮಾವನವರು ಸುತ್ತ ಒಂದು ಪ್ರದಕ್ಷಿಣೆ ಬಂದರು. ಆಚಾರರು ಹೆಮ್ಮೆಯಿಂದ ನಿಂತಿದ್ದರು.

"ಒಂದು ಹನಿ ಹೊರಗೆ ಹೋಗಲ್ಲ ಸಾರ್, ಹಂಗೆ ಕೂಡಿಸೀನಿ," ಎಂದರು.

"ಹೊರಗೆ ಹೋಗೋದಲ್ಲಪ್ಪ, ಒಳಗೆ ಬರಬಾರದು!"

"ಒಳಗೆ ತಾನಾಗೇ ಯಾಕೆ ಬರ್ತೈತೆ ಸಾರ್? ನಾವೇ ತಾನೆ ಹುಯ್ಯಾದು?"

ಮೇಲಾಗಿ ಆಚಾರರು ಕೇಳದಿದ್ದ ಉಪಕಾರವನ್ನೂ ಒಂದು ಮಾಡಿದ್ದರು. ಪಾಚಿ ಕಟ್ಟಿದಾಗ ತೊಳೆದು ನೀರು ಬಿಡಲು ತಳದಲ್ಲಿ ಒಂದು ತೂತು ಕೊರೆದು, ಅದಕ್ಕೆ ಸೊಗಸಾದ ಬಿರಡೆ ಜಡಿದಿದ್ದರು. ತಳದಲ್ಲಿ ತೂತಿರುವ ದೋಣಿ ಲಂಡನ್ನಿನಲ್ಲೂ ಇರಲಿಕ್ಕಿಲ್ಲ! ಶನಿವಾರ ಚಿತ್ರದುರ್ಗದ ಕೆಲಸದಿಂದ ಬಂದ ನಮ್ಮ ಯಜಮಾನರು, ಅಪ್ಪಾಜಿ, ಇದನ್ನ ಯಾರಿಗಾದರೂ ಕುರಿಯವರಿಗೆ ಕೊಟ್ಟುಬಿಡಿ ಎಂದರು. ಮಾವನವರು ಕೇಳಲಿಲ್ಲ. ಬಿರಡೆ ಬಿಗಿಯಾಗಿದೆ, ಮರ ಒಳ್ಳೆಯದಿದೆ, ತೇಲಿದರೆ ದೋಣಿ, ತೇಲದಿದ್ದರೆ ತೊಟ್ಟಿ, ಎಂದು ತೀರ್ಪು ಕೊಟ್ಟರು. ಊರಲ್ಲಿ ಎಲ್ಲೂ ಮೊದಲೇ ತೇಲಿಸಿ ಪರೀಕ್ಷೆ ಮಾಡುವ ಹಾಗಿರಲಿಲ್ಲ. ನೀರೆಲ್ಲಿತ್ತು?

ಭಾನುವಾರ ಬೆಳಿಗ್ಗೆ, ಯಜಮಾನರನ್ನು ಮನೆ ಕಾಯಲು ಬಿಟ್ಟು, ಗಾಡಿ ಕಟ್ಟಿಸಿಕೊಂಡು ಹಿನ್ನೀರಿನ ದಡಕ್ಕೆ ಹೋದೆವು. ಅತ್ತೆ ಒಳ್ಳೆಯ ಸೀರೆಯುಟ್ಟು, ಹೂ ಮುಡಿದು, ಬಲಿಗೆ ಹೊರಟವರಂತೆ ಕೂತಿದ್ದರು. ಭಯವಾಗುತ್ತಾ ಅತ್ತೆ ಎಂದು ಕೇಳಿದೆ. ನೀರಿನದೇನಲ್ಲ, ಎಂದರು. ಅದರ ಅರ್ಥ ನನಗೆ ಆಗಲಿಲ್ಲ.

ಆಳವಿಲ್ಲದ ಜಾಗ ನೋಡಿ ಇಳಿಸಿದರು. ಆಶ್ಚರ್ಯವೆಂದರೆ ಅದು ತೇಲಿತು! ಮಾವನವರು ಅತ್ತೆಯನ್ನು ಮೆತ್ತೆಯ ಮೇಲೆ ಕೂರಿಸಿ, ತಾವು ಎದುರಿಗೆ ಕೂತು, ಟೊಪ್ಪಿಗೆ ಹಾಕಿಕೊಂಡರು. ದಡಕ್ಕೆ ಕಟ್ಟಿದ ಹಗ್ಗ ಬಿಚ್ಚಿದೆಯಾ ಎಂದು ನನ್ನನ್ನು ಮತ್ತೆ ಮತ್ತೆ ಕೇಳಿ ಖಾತ್ರಿಮಾಡಿಕೊಂಡರು. ಪುಸ್ತಕ ಓದಿದವರು ಮೋಸಹೋಗುತ್ತಾರೆಯೇ? ಸೌಟುಗಳಿಂದ ನೀರು ತಿರುವುತ್ತ ತಿರುವುತ್ತ ನಾಲ್ಕು ಮಾರು ಹೋದರು. ಕುರಿ ನೀರಿಗೆ ಬಿಟ್ಟಿದ್ದವರೆಲ್ಲ ದಡದಲ್ಲಿ ನೆರೆದರು. ಕುರಿದೋಣಿಯಲ್ಲಿ ಓವರ್‌ಸಿಯರ್ ಸಾಹೇಬರು ಪತ್ನೀಸಮೇತ ಹೋಗುವುದನ್ನು ಯಾವ ಕುರಿ ತಾನೇ ನೋಡಿರುತ್ತದೆ?

ಮಾವನವರು ಸೌಟು ಬದಿಗಿಟ್ಟು ಓದಲು ಶುರುಮಾಡಿದರು. ಅಂಥ ಓದನ್ನು ನಾನು ಮತ್ತೆ ಕೇಳಿಲ್ಲ. ದೊರೆ ಹುಟ್ಟು ಹಾಕಿದ, ಬೆವರಿದ, ದಡದ ಮರವನ್ನು ಬೈದ. ನನ್ನ ಕಣ್ಣು ಅತ್ತೆಯ ಮೇಲಿತ್ತು. ತುಟಿ ಬಿಗಿಹಿಡಿದು ಕೂತಿದ್ದರು. ಇನ್ನೆರಡು ಮಾತು, ಹಗ್ಗ ಬರಬೇಕು. ಅಷ್ಟರಲ್ಲಿ ದೋಣಿ ಒಂದು ಕಡೆ ತಗ್ಗಿದ ಹಾಗೆ ಕಂಡಿತು. ಮಾವನವರಿಗೆ ಗೊತ್ತೇ ಆಗಲಿಲ್ಲ. ಓದಿನ ಸೊಗಸಿಗೆ ಕಾಲು ತಂಪಾಯಿತು ಎಂದುಕೊಂಡರಂತೆ! ಸೊಂಟ ತಂಪಾದಾಗ ಅನುಮಾನ ಬಂತು. ದೋಣಿ ನಿಧಾನವಾಗಿ, ಮರ್ಯಾದೆಯಿಂದ, ಇಬ್ಬರನ್ನೂ ಕೂರಿಸಿಕೊಂಡೇ ತಳ ಸೇರಿತು.

ತೊಡೆಮಟ್ಟದ ನೀರು. ಮಾವನವರು ಎದ್ದು ನಿಂತು, ಮನೆದೇವರನ್ನು ಕೂಗುತ್ತ, ಒಂದು ಕೈಯಲ್ಲಿ ಪುಸ್ತಕವನ್ನು ತಲೆಯ ಮೇಲೆತ್ತಿ, ಇನ್ನೊಂದು ಕೈಯಲ್ಲಿ ಅತ್ತೆಯ ರಟ್ಟೆ ಹಿಡಿದುಕೊಂಡಿದ್ದರು. ದಡದಲ್ಲಿ ಕುರಿಯವರು ಬಿದ್ದುಬಿದ್ದು ನಗುತ್ತಿದ್ದರು. ನಾನೂ ನಕ್ಕೆ. ಗಾಡಿಯವನು ಕೂತೇಬಿಟ್ಟ. ಅತ್ತೆ ಒದ್ದೆ ಸೆರಗು ಹಿಂಡುತ್ತ ತುಟಿ ಬಿಗಿದುಕೊಂಡೇ ನಿಂತಿದ್ದರು.

"ಈಗ್ಲಾದ್ರೂ ನಗು ಬರ್ಲಿಲ್ವೇನೇ?" ಎಂದರು ಮಾವನವರು. ಅವರ ದನಿ ಅಳುವ ಹಾಗಿತ್ತು.

"ಪುಟ ಎಲ್ಲಿ ಮುಗೀತ್ರಿ? ಪುಟ ಮುಗೀದೆ ಪಣ ಹೆಂಗೆ ಮುಗೀತೈತೆ? ನಡೀರಿ ಮನೆಗೆ, ನೆಗಡಿಯಾಗ್ತೈತೆ," ಎಂದರು ಅತ್ತೆ.

ಮನೆಗೆ ಬಂದು ಮಾವನವರಿಗೆ ಬಿಸಿನೀರು ಕೊಟ್ಟು, ಒಣಸೀರೆ ಹಿಡಿದು ಹಿತ್ತಲಿಗೆ ಹೋದೆ. ಅತ್ತೆ ಹಂಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಮೈಯೆಲ್ಲ ನಡುಗುತ್ತಿತ್ತು. ಪಾಪ, ಜನರ ಮುಂದೆ ಅವಮಾನವಾಯಿತೆಂದು ಅಳುತ್ತಿದ್ದಾರೆ ಎಂದುಕೊಂಡು ಬೆನ್ನು ಸವರಲು ಹೋದೆ. ಅವರು ಮುಖ ಎತ್ತಿದರು. ಅಳುವಲ್ಲ. ನಗು! ಉಸಿರು ಸಿಕ್ಕಿಕೊಳ್ಳುವಷ್ಟು ನಗು. "ಆ ದೊರೆ... ಹಗ್ಗ..." ಎನ್ನುವರು, ಮತ್ತೆ ಸೆರಗು ಕಚ್ಚಿಕೊಳ್ಳುವರು.

"ಅತ್ತೆ, ಈ ನಗುವನ್ನು ಅವರ ಮುಂದೆ ನಗಬಾರದಿತ್ತಾ? ಎಷ್ಟು ಆಸೆಪಡ್ತಾರೆ ನೋಡ್ರಿ," ಎಂದೆ. ನನಗೆ ನಿಜವಾಗಿ ಸಿಟ್ಟೇ ಬಂದಿತ್ತು.

ಅತ್ತೆ ಕಣ್ಣೊರೆಸಿಕೊಂಡರು. ಒಲೆಯ ಕೆಂಡ ಕೆದಕುತ್ತ ಹೇಳತೊಡಗಿದರು. ಹೊಸದುರ್ಗದಲ್ಲಿ ಮಾವನವರ ಕೂಡುಕುಟುಂಬದ ದೊಡ್ಡ ಮನೆಗೆ ತಾವು ಸೊಸೆಯಾಗಿ ಬಂದಾಗ ಗಂಡ ಹೆಂಡತಿ ಎದುರೆದುರು ಕೂತು ಮಾತಾಡುವ ಪದ್ಧತಿಯೇ ಇರಲಿಲ್ಲವಂತೆ. ಮಾವನವರಿಗೋ ಮೊದಲೇ ಮಾತು ಕಮ್ಮಿ. ನೀರು ಕೊಡು, ಛತ್ರಿ ಕೊಡು, ಅಷ್ಟೇ. ಪುಸ್ತಕ ಸಿಕ್ಕಿದ ದಿನ ಮೊದಲ ಸಲ ಮಣೆ ಹಾಕಿಕೊಂಡು ತಮ್ಮ ಎದುರಿಗೆ ಕೂತರಂತೆ.

"ನಗಿಸ್ಬೇಕು ಅಂತ ಕುಂತ್ಕಳ್ತಾರೆ ಕಣಮ್ಮ. ನಾನು ನಕ್ಕುಬಿಟ್ರೆ ಎದ್ದು ಹೋಗ್ತಾರೆ. ಆಮೇಲೆ ಯಾತಕ್ಕೆ ಕುಂತ್ಕಳ್ತಾರೆ ನನ್ನ ಮುಂದೆ?" ಎಂದರು. ಮತ್ತೆ ಮೆಲ್ಲಗೆ, "ಇವತ್ತು ನಕ್ರೂ ಮುಗೀತಿತ್ತು, ನಗದಿದ್ರೂ ಮುಗೀತಿತ್ತು. ಅದಕ್ಕೇ ಕಾಲ್ಬೆರಳಲ್ಲಿ ಆ ಬಿರಡೆ ಒತ್ತಿ ಎಬ್ಬಿಸಿಬಿಟ್ಟೆ," ಎಂದರು.

ನಾನು ಒಣಸೀರೆ ಹಿಡಿದುಕೊಂಡು ಹಾಗೇ ನಿಂತೆ. ಈ ಅತ್ತೆಯನ್ನು ನಾನು ಅರಸಿಕಳೆಂದು ತಿಳಿದಿದ್ದೆನಲ್ಲ! ಅಂದಿನಿಂದ ಆ ಹೆಂಗಸಿನ ಮೇಲೆ ನನಗಿದ್ದ ಪ್ರೀತಿಯನ್ನು ಹೇಳಲು ನನಗೆ ಮಾತು ಬರುವುದಿಲ್ಲ. ಮಾವನವರಿಗೆ ಈ ವಿಷಯ ಕೊನೆಯವರೆಗೂ ನಾನು ಹೇಳಲಿಲ್ಲ.

ಸಂಜೆ ದೀಪ ಹಚ್ಚಿದೆವು. ಅತ್ತೆ ಮೊರ ತೆಗೆದುಕೊಂಡು ಕೂತರು. ಮಾವನವರು ಸೀನುತ್ತ, ಕಂಬಳಿ ಹೊದ್ದು, ಬಾಗಿಲ ಹತ್ತಿರ ಬಂದು ನಿಂತರು. ಪಣದ ಮಾತು ಅವರ ಮನಸ್ಸಿನಲ್ಲಿತ್ತು. ಪುಸ್ತಕ ಕೈಯಲ್ಲಿತ್ತು, ಒಳಗೆ ಬರಲು ಕಾಲು ಬರುತ್ತಿರಲಿಲ್ಲ. ಅತ್ತೆ ತಲೆ ಎತ್ತದೆ ಕಾಲಿನಿಂದ ಮಣೆಯನ್ನು ಒಂದಿಷ್ಟು ಮುಂದೆ ನೂಕಿದರು. ಮಾವನವರು ಬಂದು ಕೂತರು.

"ಎಲ್ಲಿಗೆ ನಿಂತಿತ್ತೇ?" ಎಂದು ಕೇಳಿದರು.

ಅತ್ತೆ ಒಂದು ಕಲ್ಲು ಆರಿಸಿ ಎಸೆದರು.

"ನಂಗೆಲ್ಲಿ ನೆನಪಿರ್ತೈತೆ? ಮೊದ್ಲಿಂದ ಓದ್ರಿ."