ಅರಮನೆಯ ಮುದ್ರೆ

ಅನುಮಾನ ನನ್ನ ಹುಟ್ಟುಗುಣ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎನಿಸುತ್ತದೆ. ನಗದಿದ್ದರೆ ಇನ್ನೂ ಹೆಚ್ಚು ಬೆರೆಸಿದ್ದಾನೆ ಎನಿಸುತ್ತದೆ. ಇಂಥವನಿಗೆ ಬರೋಡೆಯ ವಸ್ತುಸಂಗ್ರಹಾಲಯವೊಂದರ ಸಹಾಯಕನ ಕೆಲಸ ಹೇಳಿ ಮಾಡಿಸಿದಂತಿತ್ತು. ಬಂದವರ ಕೈಯನ್ನೂ ಚೀಲವನ್ನೂ ಕಾಯುವುದು, ವಸ್ತುಗಳ ಮುಂದೆ ಹೆಸರಿನ ಚೀಟಿ ಬರೆದಿಡುವುದು, ಇಷ್ಟೇ ಕೆಲಸ. ಅರವತ್ತರ ದಶಕದ ನಡುವೆ ಬಂದ ಹೊಸ ನಿರ್ದೇಶಕರು ಒಂದು ದಿನ, "ಭಾನುವಾರ ಚೀಟಿಗಳನ್ನೆಲ್ಲ ತೆಗೆದು ಕಪಾಟು ತೆರೆದಿಡಿ. ಹಳೇ ಓಣಿಗಳ ಹೆಂಗಸರು ಬಂದು, ಮುಟ್ಟಿ ನೋಡಿ, ಯಾವುದು ಏನೆಂದು ಅವರೇ ಹೇಳಲಿ. ಆಮೇಲೆ ನಿಮ್ಮ ಚೀಟಿ ಓದೋಣ" ಎಂದರು. ನನ್ನ ನೌಕರಿ ಖಾಯಂ ಮಾಡುವ ಕಾಗದ ಆಗ ಅವರ ಮೇಜಿನ ಮೇಲೆಯೇ ಇತ್ತು. ಇದು ನನ್ನನ್ನು ಓಡಿಸುವ ಹೂಟವೆಂಬ ಬಗ್ಗೆ ನನಗೆ, ಎಂದರೆ ನನ್ನಂಥವನಿಗೂ, ಅನುಮಾನ ಉಳಿಯಲಿಲ್ಲ.

ಭಾನುವಾರ ಓಣಿಗೆ ಓಣಿಯೇ ಬಂತು. ಬರಬೇಡವೆಂದಿದ್ದರೂ ನನ್ನ ಹೆಂಡತಿ ಸರೋಜಾ, ಪಕ್ಕದ ಮನೆಯ ಕಾಂತಾಬೆನ್ ಜೊತೆ ಹಾಜರಾದಳು. ಇವಳನ್ನು ಕರೆಸಿದವರು ಯಾರು? ಕಾಂತಾಬೆನ್ ಚೀಲ ಉಬ್ಬಿತ್ತು. ನಾನು ಬೆನ್ನು ಬಿಡದೆ ಹಿಂಬಾಲಿಸಿದೆ. ಆಕೆ ನೇರವಾಗಿ ಹೋಗಿ, ಮೇಲೆ ಹಿಡಿಕೆಯಿದ್ದ ದುಂಡನೆಯ ಮರದ ತುಂಡೊಂದನ್ನು ಎತ್ತಿ ಬಿದ್ದು ಬಿದ್ದು ನಕ್ಕರು. ಮೂರು ದಿನ ತಲೆ ಕೆರೆದುಕೊಂಡು ಅದಕ್ಕೆ ನಾನು ಬರೆದದ್ದು, 'ಅರಮನೆಯ ಮುದ್ರೆ. ಬಹಳ ಪುರಾತನ.'

"ಖಾಖ್ರಾ ಒತ್ತೋದ್ರೀ ಅದು!" ಎಂದಳು ಸರೋಜಾ. "ನಮ್ಮನ್ಯಾಗೂ ಒಂದೈತಿ. ದಿನಾ ಮುಂಜಾನೆ ಚಹಾದ ಜೋಡಿ ಹಪ್ಪಳದಂಗ ಕಟುಂ ಕಟುಂ ಅಂತ ತಿಂತೀರಲ್ಲ, ಅದು ಹಂಚಿನ ಮ್ಯಾಲೆ ತಾನ ಗರಿಗರಿ ಆಗ್ತದಂತ ತಿಳಕೊಂಡಿದ್ರೇನು?"

ನಿರ್ದೇಶಕರು ನನ್ನ ಚೀಟಿಯನ್ನು ಗಟ್ಟಿಯಾಗಿ ಓದಿದರು. ಸಭಾಂಗಣವೆಲ್ಲ ನಕ್ಕಿತು. ಕಾಂತಾಬೆನ್ ಚೀಲದಿಂದ ಹೊರಬಂದದ್ದೂ ಖಾಖ್ರಾವೇ. ನನಗೂ ಎರಡು ಕೊಟ್ಟರು. ನಾಚಿಕೆಯಿಂದ ಅವನ್ನು ಜೇಬಿಗೆ ಹಾಕಿಕೊಂಡೆ.

ಸೋಮವಾರ ಕಾಗದಕ್ಕೆ ಸಹಿ ಬಿತ್ತು. "ಜನ ಇಷ್ಟು ಹೊತ್ತು ನಿಂತು ನೋಡಿದ್ದು ನಿಮ್ಮ ಚೀಟಿಯಿಂದಲೇ. ತಿಂಗಳಿಗೊಂದು ಇಂಥದ್ದು ಬರೆಯಿರಿ" ಎಂದರು ನಿರ್ದೇಶಕರು. ಹೊಗಳಿದರೋ ಕುಟುಕಿದರೋ, ನನಗೆ ಇಂದಿಗೂ ಅನುಮಾನ.

ಅಂದು ಸಂಜೆ, ಊರಿನವರ ಚೀಲವನ್ನೆಲ್ಲ ಇಣುಕಿದ ನಾನು ನನ್ನ ಮನೆಯ ಅಡುಗೆಮನೆಯನ್ನೇ ನೋಡಿಲ್ಲವಲ್ಲ ಎಂದು ಒಳಗೆ ಹೋದೆ. ಗೂಡಿನಲ್ಲಿದ್ದ ಹಿತ್ತಾಳೆಯ ಸಾಮಾನೊಂದಕ್ಕೆ ಕೈ ಹಾಕಿ, "ಇದೇನೇ?" ಎಂದೆ.

ಸರೋಜಾ ಒಲೆಯ ಕಡೆಯಿಂದ ತಿರುಗಲೂ ಇಲ್ಲ. "ಅದಾ? ಅರಮನೀದು. ಭಾಳ ಪುರಾತನ. ಮುಟ್ಟಬ್ಯಾಡ್ರಿ."

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡುತ್ತ ನಿಂತೆ.