ಎರಡು ಹಂದಿಮೂಗು, ಒಂದು ಹಸಿರು ಪೆಟ್ಟಿಗೆ

ಬೆನ್ನು ಬೆಚ್ಚಗಿದ್ದು ಹೊಟ್ಟೆ ತುಂಬಿದ್ದರೆ ಅದೇ ಸ್ವರ್ಗ ಅಂತ ನಮ್ಮ ಕೊರಿಯಾದ ಹಿರಿಯರು ಹೇಳುತ್ತಾರೆ. ಹೊಟ್ಟೆಯ ಮಾತು ಬಿಡಿ, ಅದು ಎಲ್ಲಿಗೆ ಹೋದರೂ ಹೇಗೋ ತುಂಬುತ್ತದೆ. ನನ್ನ ಸಂಸಾರದ ಸಕಲ ಸಂಕಷ್ಟವೂ ನನ್ನ ಹೆಂಡತಿ ಬೊಕ್‌ಹೀಯ ಬೆನ್ನಿನಲ್ಲಿದೆ. ಜೊನ್‌ಜುವಿನ ನಮ್ಮ ಮನೆಯಲ್ಲಿ ಅಡಿಯಿಂದ ಕಾವು ಕೊಡುವುದರಿಂದ ನೆಲವೇ ಬಿಸಿ. ಮಲಗಿದರೆ ಹೆಂಚಿನ ಮೇಲೆ ಹಾಕಿದ ಹಾಗೆ ಒಂದು ಮಗ್ಗುಲು ಬೇಯುತ್ತದೆ, ಆಮೇಲೆ ನಾವೇ ತಿರುವಿ ಹಾಕಿಕೊಳ್ಳಬೇಕು. ಅಂಥ ನೆಲದ ಮೇಲೆ ಬೆಳೆದ ಬೆನ್ನು ಪರದೇಶದ ತಣ್ಣನೆಯ ಹಾಸಿಗೆಯನ್ನು ಸಹಿಸುವುದಿಲ್ಲ. ಹಾಗಾಗಿ ಶ್ರೀಮತಿಯವರ ಸವಾರಿ ಎಲ್ಲಿಗೆ ಹೊರಟರೂ ಬೆನ್ನು ಕಾಯಿಸುವ ಅವರ ಕರೆಂಟಿನ ಚಾಪೆ ಸುರುಳಿ ಸುತ್ತಿಕೊಂಡು ಜೊತೆಗೆ ಬರುತ್ತದೆ. ಚಾಪೆ ಬರುವುದು ಖಾತ್ರಿ. ಗಂಡ ಬರುವುದು ಖಾತ್ರಿಯಲ್ಲ.

ಈ ಸಲ ಜಪಾನಿಗೆ ಹೊರಡುವ ಮುಂಚೆ ಅದನ್ನೂ ಬಾಯಿಬಿಟ್ಟು ಹೇಳಿಬಿಟ್ಟಳು.

"ನೋಡಿ, ವಸಂತದಲ್ಲಿ ತೈವಾನಿನ ಬಿಸಿನೀರಿನ ಬುಗ್ಗೆಗೆ ಇಬ್ಬರಿಗೆ ಮಾತ್ರ ಜಾಗ ಸಿಕ್ಕಿದೆ. ನಾನಂತೂ ಹೋಗ್ತೀನಿ. ಇನ್ನೊಬ್ರು ನೀವೋ, ನನ್ನ ತಂಗಿ ಯಂಗ್‌ಮಿಯೋ, ಅದು ಜಪಾನಿನಲ್ಲಿ ತೀರ್ಮಾನ ಆಗುತ್ತೆ. ನನ್ನ ಬೆನ್ನು ಬೆಚ್ಚಗಿದ್ರೆ ನೀವು. ತಣ್ಣಗಾಯ್ತೋ, ಅವಳು."

"ಬೆನ್ನು ನಿನ್ನದು, ಹೊಣೆ ನನ್ನದಾ?"

"ಸಾಮಾನು ಕಟ್ಟೋರು ನೀವಲ್ವಾ?"

ನಾನು ಕಣ್ಣು ಮುಚ್ಚಿದೆ. ತಕ್ಷಣ ತೈವಾನಿನ ಬುಗ್ಗೆ ಕಾಣಿಸಿತು. ಕುತ್ತಿಗೆಯವರೆಗೆ ಬಿಸಿನೀರು, ತಲೆಯ ಮೇಲೆ ಮಡಿಸಿಟ್ಟ ಒದ್ದೆ ಟವೆಲು, ಸುತ್ತ ಹಬೆ, ಹಬೆಯ ಆಚೆ ಎಲ್ಲೋ ಬೆಟ್ಟ. (ನನಗೆ ಈ ಅಭ್ಯಾಸ ಚಿಕ್ಕಂದಿನಿಂದ ಇದೆ. ನಿಂತಲ್ಲೇ ಕನಸು ಕಾಣುತ್ತೇನೆ. ಮದುವೆಯ ದಿನವೂ ಹಾಗೇ ನಿಂತಿದ್ದೆನಂತೆ.) ಆ ಬುಗ್ಗೆಯಲ್ಲಿ ಯಂಗ್‌ಮಿ ಕೂರುವುದು ನನಗೆ ಸುತರಾಂ ಇಷ್ಟವಿರಲಿಲ್ಲ.

ಬೊಕ್‌ಹೀ ತನ್ನ ಕೈಚೀಲಕ್ಕೆ ಒಂದು ಹಂದಿಮೂಗು ಹಾಕಿಕೊಂಡಳು. ಊರೂರಿನ ಗೋಡೆಯ ತೂತಿಗೆ ನಮ್ಮ ಪ್ಲಗ್ ಕೂರದಿದ್ದಾಗ ನಡುವೆ ಸಿಕ್ಕಿಸುವ, ಮುಂದೆ ಎರಡು ತೂತಿರುವ ಗಿಡ್ಡ ತುಂಡಿಗೆ ನಾವು ಹಾಗೇ ಹೇಳುವುದು. "ಇಷ್ಟು ಸಾಕು" ಅಂದಳು.

"ಸಾಲದು!" ಎಂದು ಗುಡುಗಿದೆ. "ನಮ್ಮ ಕರೆಂಟು ಇನ್ನೂರಿಪ್ಪತ್ತು ವೋಲ್ಟು, ಅವರದ್ದು ಬರೀ ನೂರು. ಹಂದಿಮೂಗು ಪ್ಲಗ್ಗಿನ ಮುಖ ಬದಲಿಸುತ್ತೆ, ಕರೆಂಟಿನ ಬಲ ಬದಲಿಸಲ್ಲ."

ಇಲ್ಲಿಯವರೆಗೆ ನಾನು ಹೇಳಿದ್ದು ಅಪ್ಪಟ ಸತ್ಯ. ಜಾಣನಾಗಿದ್ದರೆ ಇಲ್ಲಿಗೇ ನಿಲ್ಲಿಸುತ್ತಿದ್ದೆ.

ಆದರೆ ನನಗೆ ಅಟ್ಟದ ಮೇಲಿದ್ದ ಅಮ್ಮನ ದೊರಾನ್ಸ್ ನೆನಪಾಯಿತು. ವೋಲ್ಟು ಬದಲಿಸುವ ಕಬ್ಬಿಣದ ಪೆಟ್ಟಿಗೆಗೆ ಹಳಬರು ಇಟ್ಟ ಹೆಸರು ಅದು. ಚಿಕ್ಕಮ್ಮ ಜಪಾನಿನಿಂದ ತಂದುಕೊಟ್ಟ ಅನ್ನದ ಕುಕ್ಕರು ನಮ್ಮ ಕರೆಂಟಿಗೆ ಸುಟ್ಟುಹೋಗದಿರಲೆಂದು ಅಮ್ಮ ಅದನ್ನು ನಡುವೆ ಇಟ್ಟುಕೊಂಡಿದ್ದಳು. ಜಪಾನಿನ ಸಾಮಾನಿಗೂ ನಮ್ಮ ಕರೆಂಟಿಗೂ ಸಂಬಂಧ ಕುದುರಿಸಿದ ಪೆಟ್ಟಿಗೆ, ನಮ್ಮ ಸಾಮಾನಿಗೂ ಜಪಾನಿನ ಕರೆಂಟಿಗೂ ಕುದುರಿಸದೆ ಇರುತ್ತದೆಯೇ? ಮದುವೆ ದಲ್ಲಾಳಿ ಎರಡೂ ಕಡೆಯವರಿಗೆ ಬೇಕಾದವನೇ ತಾನೇ? ಇದು ನನ್ನ ತರ್ಕ. ಪೆಟ್ಟಿಗೆಗೆ ತುಕ್ಕು ಹಿಡಿದಿತ್ತು. ಬಣ್ಣ ಮತ್ತು ಗೋಡೆಕಾಗದದ ಅಂಗಡಿ ನಡೆಸಿ ಮುದುಕನಾದವನು ನಾನು, ತುಕ್ಕು ಕಂಡರೆ ಕೈ ಸುಮ್ಮನಿರುವುದಿಲ್ಲ. ಮೇಲಿಂದ ಕೆಳಗಿನವರೆಗೆ ಎರಡು ಸಲ ಗಿಳಿಹಸಿರು ಬಳಿದೆ.

ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಅದನ್ನು ಎರಡು ಕೈಯಲ್ಲಿ ಎತ್ತಿ ಏದುಸಿರು ಬಿಟ್ಟ.

"ಏನಜ್ಜಾ ಇದು, ಇಷ್ಟು ಭಾರ?"

ನಾನು ವಿದ್ಯುಚ್ಛಾಸ್ತ್ರದ ಪೀಠಿಕೆ ಶುರುಮಾಡುವಷ್ಟರಲ್ಲಿ ಬೊಕ್‌ಹೀ ಹೇಳಿದಳು, "ಇವರ ಬುದ್ಧಿನೆಲ್ಲ ಅದರೊಳಗೆ ತುಂಬಿಟ್ಟಿದ್ದಾರಪ್ಪ. ತಲೆ ಹಗುರ ಇದೆ ನೋಡಿ, ಅದಕ್ಕೇ."

ಅವನು ನನ್ನ ತಲೆ ನೋಡಿ ಒಳಗೆ ಬಿಟ್ಟ.

ಜಪಾನಿನ ಕನಜಾವಾದ ತಂಗುಮನೆ ತಲುಪಿದಾಗ ಮಧ್ಯಾಹ್ನ. ಹೊರಗೆ ಹಿಮ ಯಾವ ಅವಸರವೂ ಇಲ್ಲದೆ ಇಳಿಯುತ್ತಿತ್ತು. ಕಾಗದದ ಬಾಗಿಲು, ಹುಲ್ಲುಚಾಪೆಯ ನೆಲ, ಎಲ್ಲ ಚೆನ್ನ. ಗೋಡೆಯ ಮೇಲಿನ ಯಂತ್ರ ಬಿಸಿಗಾಳಿ ಊದಿ ಚಾವಣಿಯನ್ನು ಮಾತ್ರ ಬೆಚ್ಚಗಿಟ್ಟಿತ್ತು. ಬೊಕ್‌ಹೀ ಚಾಪೆ ಬಿಚ್ಚಿದಳು, ಹಂದಿಮೂಗು ಸಿಕ್ಕಿಸಿದಳು, ಮಲಗಿದಳು. ಚಾಪೆಯ ಗುಂಡಿಯ ಪಕ್ಕದ ಕೆಂಪು ದೀಪ ಮಿಣಿಮಿಣಿ ಅಂದಿತು.

"ಪರವಾಗಿಲ್ಲ ರೀ, ಉಗುರುಬೆಚ್ಚಗಿದೆ."

ಉಗುರುಬೆಚ್ಚಗೆ! ಉಗುರುಬೆಚ್ಚನೆಯ ಬೆನ್ನಿಗೆ ತೈವಾನ್ ಸಿಕ್ಕೀತೇ? "ಏಳು, ಏಳು" ಎಂದು ಅವಳನ್ನು ಎಬ್ಬಿಸಿದೆ. ಗೋಡೆಗೆ ಹಂದಿಮೂಗು, ಅದಕ್ಕೆ ಪೆಟ್ಟಿಗೆ, ಪೆಟ್ಟಿಗೆಗೆ ನಾನು ತಂದಿದ್ದ ಇನ್ನೊಂದು ಹಂದಿಮೂಗು, ಅದಕ್ಕೆ ಚಾಪೆ. ಗೂಡ್ಸ್ ಗಾಡಿಯ ಹಾಗೆ ಸಾಲಾಗಿ ಜೋಡಿಸಿ ಹಿಂದೆ ಸರಿದೆ. ಪೆಟ್ಟಿಗೆ ಗುಂಯ್ ಅಂದಿತು. ಕೆಂಪು ದೀಪ ಆರಿತು.

"ದೀಪ ಆರ್‍ಹೋಯ್ತಲ್ರೀ!"

"ಶಕ್ತಿಯೆಲ್ಲ ಬೆನ್ನಿಗೆ ಹೋಗ್ಲಿ ಅಂತ. ದೀಪಕ್ಕೆ ಯಾಕೆ ದಂಡ?"

ಇಬ್ಬರೂ ಮಲಗಿದೆವು. ಬೊಕ್‌ಹೀ ಏನೋ ಗೊಣಗುತ್ತಿದ್ದಳು. ನನಗೆ ಅದು ಕೇಳಿಸಲಿಲ್ಲ, ಪೆಟ್ಟಿಗೆಯ ಗುಂಯ್‌ಕಾರ ಮಾತ್ರ ಕೇಳಿಸಿತು. ಅದೇ ನಾದ. ಅಮ್ಮ ಅಡುಗೆಮನೆಯಲ್ಲಿ ಅನ್ನಕ್ಕಿಟ್ಟಾಗ ಬರುತ್ತಿದ್ದ ನಾದ. ಕೇಳುತ್ತಾ ಕೇಳುತ್ತಾ ಕೋಣೆ ಕರಗಿತು. ಹಿಮ ಕೆಳಗಿನಿಂದ ಮೇಲಕ್ಕೆ ಬೀಳತೊಡಗಿತು. ನಾನು ನಮ್ಮ ಹಳೆಯ ಮನೆಯಲ್ಲಿದ್ದೆ. ಅಪ್ಪ ಇನ್ನೂ ಬಂದಿರಲಿಲ್ಲ. ಅಪ್ಪನ ಪಾಲಿನ ಅನ್ನದ ಬಟ್ಟಲಿಗೆ ಮುಚ್ಚಳ ಹಾಕಿ, ನೆಲ ಅತಿ ಬಿಸಿಯಿರುವ ಮೂಲೆಯಲ್ಲಿಟ್ಟು ಅಮ್ಮ ಹೊದಿಕೆ ಹೊದಿಸುತ್ತಿದ್ದಳು. ನೋಡಿದರೆ ಆ ಬಟ್ಟಲು ನಾನೇ! ಒಳಗೆಲ್ಲ ಬಿಸಿ ಅನ್ನ, ಮೇಲೆ ಹತ್ತಿಯ ಹೊದಿಕೆ, ಹೊದಿಕೆಯ ಮೇಲೆ ಅಮ್ಮನ ಅಂಗೈ. "ಆರದೆ ಇರು ಮಗಾ" ಅಂದಳು. ಅಳು ಬರುವಷ್ಟು ಸುಖವಾಯಿತು. ಅಮ್ಮನನ್ನು ನೋಡಿ ಎಷ್ಟು ಕಾಲವಾಗಿತ್ತು!

ಕಣ್ಣು ಬಿಟ್ಟಾಗ ಬೊಕ್‌ಹೀ ಕೋಟು, ಟೋಪಿ, ನನ್ನ ಮಫ್ಲರು, ಎಲ್ಲವನ್ನೂ ಧರಿಸಿ ಕುಳಿತಿದ್ದಳು. ಕೈಯಲ್ಲಿ ತಲೆಪಿನ್ನು. ಅದರಿಂದ ಪೆಟ್ಟಿಗೆಯ ಹಸಿರು ಬಣ್ಣ ಕೆರೆಯುತ್ತಿದ್ದಳು.

"ಏನು ಬಿಸಿ ಕಣೇ!" ಅಂದೆ. "ಬೆನ್ನು ಬೆವರಿಬಿಟ್ಟಿದೆ. ತೈವಾನಿಗೆ ಈಗಲೇ ಹೊರಡೋಣ."

"ಬನ್ನಿ ಇಲ್ಲಿ, ಇದನ್ನ ಓದಿ."

ಬಣ್ಣದ ಅಡಿಯಿಂದ ಅಕ್ಷರ ಎದ್ದಿದ್ದವು. ಒಳಬರುವುದು ೨೨೦, ಹೊರಹೋಗುವುದು ೧೧೦.

"ಅರ್ಧ ಮಾಡೋ ಪೆಟ್ಟಿಗೆ ರೀ ಇದು! ಅವರ ನೂರನ್ನ ಕೊಟ್ರೆ ಐವತ್ತು ಮಾಡಿ ನಮಗೆ ಕೊಡ್ತಿದೆ. ನನ್ನ ಉಗುರುಬೆಚ್ಚನೆ ಚಾಪೆನ ಐಸು ಮಾಡೋಕೆ ಇದನ್ನ ಸಮುದ್ರ ದಾಟಿಸಿ ಹೊತ್ಕೊಂಡು ಬಂದ್ರಾ?"

ನಾನು ಚಾಪೆ ಮುಟ್ಟಿ ನೋಡಿದೆ. ಮೀನಂಗಡಿಯ ಕಲ್ಲಿನಷ್ಟು ತಣ್ಣಗಿತ್ತು. ಆದರೆ ಸೋಲು ಒಪ್ಪುವುದು ನನ್ನ ಜಾತಕದಲ್ಲೇ ಇಲ್ಲ.

"ನೀನು ಏನಾದ್ರೂ ಅನ್ನು. ನನಗಂತೂ ಬಿಸಿಯಾಗಿತ್ತು."

"ನಿಜವಾಗ್ಲೂ?" ಅವಳ ದನಿ ಬೆಣ್ಣೆಯಾಯಿತು. ನಾನು ಆಗಲೇ ಎಚ್ಚರವಾಗಬೇಕಿತ್ತು. "ಯೋಚ್ನೆ ಮಾಡಿ ಹೇಳಿ. ತಣ್ಣಗಿತ್ತು ಅಂದ್ರೆ ನೀವು ಸೋತ್ರಿ, ಯಂಗ್‌ಮಿ ಬರ್ತಾಳೆ. ಬಿಸಿಯಾಗಿತ್ತು ಅಂದ್ರೆ, ಐವತ್ತು ವೋಲ್ಟಿಗೇ ಬೆವರೋ ಗಂಡಸಿಗೆ ಬಿಸಿನೀರಿನ ಬುಗ್ಗೆ ಯಾಕ್ರೀ ಬೇಕು? ಬೆಂದುಹೋಗ್ತೀರಿ. ಆಗಲೂ ಯಂಗ್‌ಮಿನೇ ಬರ್ತಾಳೆ. ಈಗ ಹೇಳಿ, ಬಿಸಿನೋ ತಣ್ಣಗೋ?"

ಅತ್ತ ದರಿ, ಇತ್ತ ಪುಲಿ. ಹಬೆಯ ಆಚೆ ನನ್ನ ತೈವಾನಿನ ಬೆಟ್ಟ ಮೆಲ್ಲಗೆ ಮರೆಯಾಗುತ್ತಿತ್ತು. ಹೋಗುವುದು ಹೇಗೂ ಹೋಯಿತು, ಮಾನವಾದರೂ ಉಳಿಯಲಿ ಅನ್ನಿಸಿತು.

"ಬಿಸಿಯಾಗಿತ್ತು."

"ಸಂತೋಷ" ಅಂದಳು. ಚಾಪೆಯನ್ನು ತನ್ನ ಕಡೆ ಎಳೆದುಕೊಂಡು, ಒಂದೇ ಹಂದಿಮೂಗಿನಿಂದ ನೇರ ಗೋಡೆಗೆ ಸಿಕ್ಕಿಸಿ, ಹೊದಿಕೆಯೊಳಗೆ ಸೇರಿದಳು. ಹಸಿರು ಪೆಟ್ಟಿಗೆಯನ್ನು ಕಾಲಿನಿಂದ ನನ್ನ ಮಗ್ಗುಲಿಗೆ ನೂಕಿದಳು. "ತಗೊಳ್ಳಿ, ನಿಮ್ಮ ಬುಗ್ಗೆ."

ಹೊರಗೆ ಸಂಜೆ ನೀಲಿಯಾಗುತ್ತಿತ್ತು. ನಾನು ಕಣ್ಣು ಮುಚ್ಚಿ ಅಮ್ಮನನ್ನು ಕರೆದೆ, ಬರಲಿಲ್ಲ. ತಣ್ಣನೆಯ ಕಬ್ಬಿಣ ತಬ್ಬಿಕೊಂಡು ಮುದುಡಿದೆ. ಸ್ವಲ್ಪ ಹೊತ್ತಿಗೆ ಬೆಚ್ಚನೆಯ ಕಡೆಯಿಂದ ನಿದ್ದೆಗಣ್ಣಿನ ದನಿ ಬಂತು.

"ಏನ್ರೀ ಅದು, ಕಟಕಟ ಸದ್ದು?"

"ಪೆಟ್ಟಿಗೆ ಕಣೇ" ಅಂದೆ, ಹಲ್ಲು ಕಚ್ಚಿ ಹಿಡಿದು. "ಜೋರಾಗಿ ಬಿಸಿಯಾಗ್ತಿದೆ."

"ಅದರ ಪ್ಲಗ್ ನನ್ನ ಕೈಯಲ್ಲಿದೆ ರೀ" ಅಂದಳು, ಮಗ್ಗುಲು ಬದಲಿಸಿ.