ಕತ್ತಲಲ್ಲೂ ಕಾಣುವ ಕ್ಯಾಮೆರಾ

ಕತ್ತಲಲ್ಲಿ ನನ್ನಷ್ಟು ಚೆನ್ನಾಗಿ ಕಣ್ಣು ಕಾಣುವವರು ಈ ಭೂಮಿ ಮೇಲೆ ಇನ್ನೊಬ್ಬರಿಲ್ಲ. ಗೂಬೆ ಕೂಡ ನನ್ನನ್ನು ದಾರಿ ಕೇಳಿಕೊಂಡು ಹಾರುತ್ತದೆ. ಸರಿ, ಇದರಲ್ಲಿ ಅರ್ಧ ಸುಳ್ಳು. ಹಾಡುಹಗಲಲ್ಲೇ ಸೂಜಿಗೆ ದಾರ ಪೋಣಿಸಲಾರೆ. ಆದರೆ ಕತ್ತಲಲ್ಲಿ ಪಕ್ಕದವರು ಏನು ಮಾಡುತ್ತಿದ್ದಾರೆ ಎನ್ನುವುದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದ ವಿಡಿಯೋದವನ ಕ್ಯಾಮೆರಾಗೆ ಆ ಭಾಗ್ಯವೂ ಇರಲಿಲ್ಲ.

ಅವನು ತೆಗೆದ ಮದುವೆ ವಿಡಿಯೋದಲ್ಲಿ ಗಂಡು ಯಾರು, ಕಂಬ ಯಾವುದು ಗೊತ್ತಾಗುತ್ತಿರಲಿಲ್ಲ. ಹೆಣ್ಣಿನ ಅಪ್ಪನೊಬ್ಬ, "ನನ್ನ ಮಗಳು ಕಂಬದ ಕೈ ಹಿಡ್ಕೊಂಡು ನಿಂತಿದಾಳಲ್ಲೋ!" ಎಂದು ಗೋಳಾಡಿದ್ದನಂತೆ. ಬೀದಿಯವರು ಅವನಿಗೆ ಕತ್ತಲೆರಾಯ ಎಂದೇ ಹೆಸರಿಟ್ಟರು. ತಪ್ಪು ಪೂರ್ತಿ ಅವನದಲ್ಲ. ಊರಿಗಿದ್ದ ಒಂದೇ ಮದುವೆ ಹಾಲ್‌ನ ಯಜಮಾನ ಮಹಾ ಜಿಪುಣ. ಒಂದು ಬಲ್ಬ್ ಉರಿದರೆ ತನ್ನ ಮೈಯ ರಕ್ತವೇ ಸೋರುತ್ತಿದೆ ಎನ್ನುವಂತೆ ಒದ್ದಾಡುವವ.

ಒಂದು ದಿನ ಸಂಜೆ ಹಾಲ್‌ನಲ್ಲಿ ಯಜಮಾನನ ಹೆಂಡತಿ ತಾನೇ ಬರೆದು, ತಾನೇ ಆಡಿಸಿ, ತಾನೇ ರಾಣಿಯಾಗುವ ನಾಟಕವಿತ್ತು. ವಿಡಿಯೋ ಆಕೆಗೆ ಮೆಚ್ಚುಗೆಯಾದರೆ ಹಾಲ್‌ನ ವರ್ಷಪೂರ್ತಿ ಕೆಲಸ ಕತ್ತಲೆರಾಯನಿಗೆ. ಆಗದಿದ್ದರೆ?

"ನಾಳೆಯಿಂದ ನನ್ನ ತಮ್ಮನ ಹಿಟ್ಟಿನ ಗಿರಣಿಗೆ ನಡೀರಿ. ಮುಖಾನಾದ್ರೂ ಬೆಳ್ಳಗಾಗುತ್ತೆ," ಎಂದುಬಿಟ್ಟಿದ್ದಳು ಕತ್ತಲೆರಾಯನ ಹೆಂಡತಿ.

ಭಾಮೈದನ ಕೈಕೆಳಗೆ ಹಿಟ್ಟು ಬೀಸುವುದಕ್ಕಿಂತ ಬಾವಿಗೆ ಬೀಳುವುದೇ ವಾಸಿ ಎಂದುಕೊಂಡು, ಕತ್ತಲಲ್ಲೂ ಕಾಣುವ ಕ್ಯಾಮೆರಾ ತರಲು ಅವನು ಹೊರಟ. ಕರೆಯದಿದ್ದರೂ ಅದೇ ಭಾಮೈದ, ಎದುರುಮನೆ ಟೈಲರ್ ಇಬ್ಬರೂ ಜೊತೆಗೆ ಅಂಟಿಕೊಂಡರು.

ಕ್ಯಾಮೆರಾ ಅಂಗಡಿಯಲ್ಲಿ ಸೂರ್ಯ ನಾಚುವಷ್ಟು ದೀಪ.

"ಭಾವ, ಭಾರ ಇರೋದು ತಗೊಳ್ಳಿ. ಹಗುರದ್ದೆಲ್ಲ ಹಗಲಿಗೆ," ಎಂದ ಭಾಮೈದ, ಕ್ಯಾಮೆರಾವನ್ನು ಗೋಧಿ ಚೀಲದ ಹಾಗೆ ಎತ್ತಿ ತೂಗುತ್ತಾ.

"ಭಾರ ಅಲ್ಲ ಕಣ್ರೀ, ಕಣ್ಣು ನೋಡ್ಬೇಕು. ಕಣ್ಣು ಅಗಲ ಇದ್ರೆ ಬೆಳಕು ಜಾಸ್ತಿ ಒಳಗೆ ಹೋಗುತ್ತೆ," ಎಂದು ಟೈಲರ್ ಜೇಬಿನಿಂದ ಟೇಪು ತೆಗೆದು ಲೆನ್ಸಿನ ಸುತ್ತಳತೆ ತೆಗೆದ.

"ಸಾರ್, ಇದು ಮೇಣದಬತ್ತಿ ಬೆಳಕಲ್ಲಿ ಇರುವೆ ಮೀಸೆ ತೋರಿಸುತ್ತೆ," ಎಂದ ಅಂಗಡಿಯವನು.

"ಮೀಸೆ ಬೇಡ, ಮನುಷ್ಯ ಕಂಡ್ರೆ ಸಾಕು. ಸ್ವಲ್ಪ ಕತ್ತಲೆ ಕೊಡಿ, ನೋಡೇ ತಗೋತೀನಿ," ಎಂದ ಕತ್ತಲೆರಾಯ.

ಅಂಗಡಿಯವನು ಬಾಯಿ ತೆರೆಯುವಷ್ಟರಲ್ಲಿ ಟೈಲರ್ ದಡದಡನೆ ಶಟರ್ ಎಳೆದ, ಭಾಮೈದ ಮೇನ್ ಸ್ವಿಚ್ ಆರಿಸಿದ. ಹೊರಗೆ ಬೀದಿಯಲ್ಲಿ, "ಒಳಗೆ ದರೋಡೆ ನಡೀತಿದೆ!" ಎಂದು ಗುಲ್ಲೆದ್ದಿತು. ಜನ ಶಟರ್ ಬಡಿಯತೊಡಗಿದರು.

ಒಳಗೆ ಪರೀಕ್ಷೆ ನಡೆದೇ ಇತ್ತು. ಮೊದಲನೇ ಕ್ಯಾಮೆರಾದಲ್ಲಿ ಬರೀ ಇದ್ದಿಲು. ಎರಡನೆಯದರಲ್ಲಿ ಚಿತ್ರದ ತುಂಬ ಹಿಟ್ಟು ಉದುರಿದ ಹಾಗೆ ಬಿಳಿ ಚುಕ್ಕೆ; ಹಿಟ್ಟು ಕಂಡದ್ದೇ ಕತ್ತಲೆರಾಯ ಅದನ್ನು ಪಟ್ಟನೆ ಕೆಳಗಿಟ್ಟ. ಮೂರನೆಯದರಲ್ಲಿ ನೋಡಿದರೆ, ಟೈಲರ್ ಕೌಂಟರ್ ಮೇಲಿನ ಬ್ಯಾಟರಿಯೊಂದನ್ನು ಮೆಲ್ಲಗೆ ಜೇಬಿಗೆ ಇಳಿಸುತ್ತಿರುವುದು ಕನ್ನಡಿಯಲ್ಲಿ ಕಂಡಷ್ಟು ನಿಚ್ಚಳ!

"ರೀ, ಏನ್ರೀ ಅದು?"

"ಕಾಣುತ್ತೋ ಇಲ್ವೋ ಅಂತ ಪರೀಕ್ಷೆ ಮಾಡ್ದೆ ಮಾರಾಯ್ರೇ! ಕಂಡ್ತಲ್ಲ? ಇದನ್ನೇ ತಗೊಳ್ಳಿ."

ಶಟರ್ ಎತ್ತಿದ ಕೂಡಲೇ ಯಾರೋ ಪುಣ್ಯಾತ್ಮ ಮೊದಲು ಸಿಕ್ಕ ಬೆನ್ನಿಗೆ ಗುದ್ದಿದ. ಸಿಕ್ಕಿದ್ದು ಕತ್ತಲೆರಾಯನ ಬೆನ್ನೇ. ಆದರೂ ಅವನು ನಗುತ್ತಲೇ ಹೊರಗೆ ಬಂದ.

ಸಂಜೆ ಹಾಲ್‌ನಲ್ಲಿ ಭಾಮೈದ ಸುಮ್ಮನಿರಬೇಕಲ್ಲ? "ಯಜಮಾನ್ರೇ, ನಮ್ಮ ಭಾವನ ಹೊಸ ಕ್ಯಾಮೆರಾಗೆ ಬೆಳಕೇ ಬೇಕಿಲ್ಲ!" ಎಂದ.

"ಹೌದಾ? ಮತ್ತೆ ಇಷ್ಟೊಂದು ಬಲ್ಬ್ ಯಾಕಪ್ಪಾ ದಂಡ?" ಎಂದವನೇ ಯಜಮಾನ ಎಲ್ಲ ದೀಪ ಆರಿಸಿ, ರಂಗದ ಮೇಲೆ ಒಂದೇ ಒಂದು ಮಿಣುಕು ಬಲ್ಬ್ ಉಳಿಸಿದ. ಮಂತ್ರಿ ಸಿಂಹಾಸನ ತಪ್ಪಿ ತಬಲಾ ಮೇಲೆ ಕೂತ. ರಾಣಿ ಅರ್ಧ ಮಾತನ್ನು ಪರದೆಗೇ ಒಪ್ಪಿಸಿದಳು. ಕ್ಯಾಮೆರಾ ಮಾತ್ರ ಎಲ್ಲವನ್ನೂ ನುಂಗುತ್ತಿತ್ತು.

"ಬರೀ ಸ್ಟೇಜ್ ತೆಗೆದ್ರೆ ಏನ್ ಚೆಂದ? ಜನರನ್ನೂ ತೆಗೀರಿ," ಎಂದು ಟೈಲರ್ ಕತ್ತಲೆರಾಯನ ಕಿವಿಯಲ್ಲಿ ಊದಿದ. ಇವನು ಕ್ಯಾಮೆರಾವನ್ನು ಜನರತ್ತ ತಿರುಗಿಸಿದ.

ನಾಟಕ ಮುಗಿದು ಊಟವಾಗುವಾಗ ವಿಡಿಯೋವನ್ನು ಗೋಡೆ ಮೇಲೆ ಹಾಕಿ ತೋರಿಸಿದರು. ರಾಣಿ ಫಳಫಳ ಹೊಳೆದಳು. ಎಲ್ಲರೂ ಎಂಜಲು ಕೈಯಲ್ಲೇ ಚಪ್ಪಾಳೆ ತಟ್ಟಿದರು. ಆಮೇಲೆ ಗೋಡೆ ಮೇಲೆ ಜನ ಬಂದರು. ಮುಂದಿನ ಸಾಲಿನಲ್ಲಿ ಯಜಮಾನ ಬಾಯಿ ತೆರೆದು ನಿದ್ದೆ. ಹಿಂದಿನ ಸಾಲುಗಳವರು ಕುರ್ಚಿಗಳ ನಡುವೆ ಅಂಬೆಗಾಲಿಟ್ಟುಕೊಂಡು, ಒಬ್ಬರ ಹಿಂದೆ ಒಬ್ಬರು, ಪಕ್ಕದ ಬಾಗಿಲಿಂದ ಹೊರಗೆ! ಈ ವಯಸ್ಸಿಗೆ ಮಂಡಿ ಊರುವುದು ಕಷ್ಟ, ಆದರೂ ನಾನು ಸುಮಾರಾಗಿಯೇ ಸಾಗುತ್ತಿದ್ದೆ. ಊಟದ ಹೊತ್ತಿಗೆ ಎಲ್ಲರೂ ವಾಪಸು ಬಂದಿದ್ದೆವು ಅನ್ನಿ.

ರಾಣಿ ಎದ್ದು ನಿಂತಳು. ಕತ್ತಲೆರಾಯನ ಕಿವಿಯಲ್ಲಿ ಆಗಲೇ ಗಿರಣಿ ತಿರುಗತೊಡಗಿತ್ತು.

"ಯಾರ್ಯಾರು ಜಾರ್ಕೊಂಡ್ರಿ ಅಂತ ಈಗ ಗೊತ್ತಾಯ್ತು!" ಎಂದು ಆಕೆ ಗುಡುಗಿದಳು. "ಇನ್ಮೇಲೆ ಈ ಹಾಲ್‌ನಲ್ಲಿ ಏನೇ ನಡೀಲಿ, ಇದೇ ಕ್ಯಾಮೆರಾ. ವರ್ಷಪೂರ್ತಿ ಕೆಲಸ ಇವರಿಗೇ! ಇದು ನನ್ನ ಮಾತು!"

ಕತ್ತಲೆರಾಯ ಕುಣಿದಾಡಿಬಿಟ್ಟ. ಆಗ ಮದುವೆಗೆ ಹಾಲ್ ಗೊತ್ತು ಮಾಡಿದ್ದವನೊಬ್ಬ ಮೆಲ್ಲಗೆ ಎದ್ದ. "ಯಜಮಾನ್ರೇ, ನಮ್ಮದು ಬೇರೆ ಕಡೆ ಮಾಡ್ಕೋತೀವಿ. ನಮ್ಮ ಬೀಗರು ಸ್ವಲ್ಪ ಹಾಗೆ... ಕತ್ತಲಲ್ಲಿ ಗ್ಲಾಸು ಎತ್ತೋ ಅಭ್ಯಾಸ."

"ನಮ್ಮದೂ ಬೇಡ ಸ್ವಾಮಿ."

"ನಮ್ಮದೂ."

ಜನ ಕೈ ತೊಳೆದು ಬರುವಷ್ಟರಲ್ಲಿ ಹಾಲ್‌ನ ಇಡೀ ವರ್ಷ ಖಾಲಿ. ಯಜಮಾನ ತಲೆ ಮೇಲೆ ಕೈ ಹೊತ್ತು ಕೂತ. ಭಾಮೈದ ಮಾತ್ರ ಹಾಲ್‌ನ ಉದ್ದಗಲ ಹೆಜ್ಜೆ ಹಾಕಿ ಅಳೆದು ಬಂದು, "ನಮ್ಮ ಗಿರಣಿಯ ದೊಡ್ಡ ಮೆಷಿನ್ನಿಗೆ ಇಂಥ ಜಾಗಾನೇ ಹುಡುಕ್ತಿದ್ದೆ ಯಜಮಾನ್ರೇ. ವರ್ಷದ ಮಟ್ಟಿಗೆ ಬಾಡಿಗೆಗೆ ಕೊಡ್ತೀರಾ?" ಎಂದ. ಇಬ್ಬರೂ ಕೈ ಕುಲುಕಿದರು.

"ನಾನು ಕೊಟ್ಟ ಮಾತು?" ಎಂದಳು ರಾಣಿ.

"ಅದೆಲ್ಲಿ ಹೋಗುತ್ತೆ ಅಮ್ಮಾ? ಹಾಲ್ ಅದೇ, ಭಾವನೂ ಅವರೇ!" ಎಂದ ಭಾಮೈದ.

ಹಾಗೆ ನಮ್ಮ ಕತ್ತಲೆರಾಯನಿಗೆ ವರ್ಷಪೂರ್ತಿ ಅದೇ ಹಾಲ್‌ನಲ್ಲಿ ಕೈತುಂಬ ಕೆಲಸ ಸಿಕ್ಕಿತು. ಏನು ಕೆಲಸ ಅಂತ ನನ್ನ ಬಾಯಿಂದ ಯಾಕೆ ಹೇಳಿಸುತ್ತೀರಿ, ನೀವೇ ಊಹಿಸಿ ನೋಡೋಣ.